ನಾಳೆ ಬಾ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕಡೆ ಬೆಳೆದವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಹೊತ್ತು ದೆವ್ವ ಬಂದು, ನಮಗೆ ಗೊತ್ತಿರುವವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತಂತೆ. ಬಾಗಿಲು ತೆಗೆದರೆ ಮುಗೀತು. ಅದಕ್ಕೆ ಜನ ಕಂಡುಕೊಂಡ ಉಪಾಯ, ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯೋದು. ದೆವ್ವ ಬರುತ್ತೆ, ಓದುತ್ತೆ, ಸರಿ ಅಂತ ವಾಪಸ್ ಹೋಗುತ್ತೆ. ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. ಕತೆ ಕೇಳದವರು 2018ರ ಹಿಂದಿ ಸಿನಿಮಾ ‘ಸ್ತ್ರೀ’ ನೋಡಿದ್ದರೂ ಸಾಕು, ಉಪಾಯ ಗೊತ್ತಿರುತ್ತೆ.

ಆ ಬರಹ ಈಗ ಬಾಗಿಲುಗಳ ಮೇಲಿಂದ ಅಳಿಸಿ ಹೋಗಿದೆ. ನಮ್ಮ ಸ್ಕ್ರೀನುಗಳ ಮೇಲೆ ಬಂದು ಕೂತಿದೆ. ಅಪ್‌ಡೇಟ್ ಬಂದಿದೆ, ಹಾಕಲಾ ಅಂತ ಕಂಪ್ಯೂಟರ್ ಕೇಳುತ್ತೆ. ನಾವು ‘ನಾಳೆ ನೆನಪಿಸು’ ಅಂತ ಒತ್ತುತ್ತೇವೆ. ಮನೆಯ ಲ್ಯಾಪ್‌ಟಾಪಿನಲ್ಲಾದರೆ ಒಬ್ಬರೇ ಒತ್ತುತ್ತೇವೆ. ಆಫೀಸಿನ ಸರ್ವರ್ ಆದರೆ ಮೀಟಿಂಗ್ ಕರೆದು, ಹತ್ತು ಹನ್ನೆರಡು ಜನ ಸೇರಿ, ಚರ್ಚೆ ಮಾಡಿ ಒತ್ತುತ್ತೇವೆ. ಆದರೆ ಒಂದು ಮುಖ್ಯ ವ್ಯತ್ಯಾಸ ಇದೆ ನೋಡಿ. ಅವತ್ತಿನ ಜನ ‘ನಾಳೆ ಬಾ’ ಅಂದಿದ್ದು ದೆವ್ವಕ್ಕೆ. ನಾವು ಅನ್ನುತ್ತಿರೋದು ಬೀಗ ರಿಪೇರಿಗೆ ಬಂದವನಿಗೆ. ದೆವ್ವಕ್ಕಾದರೂ ಓದೋಕೆ ಬರುತ್ತಿತ್ತು, ಬರೆದದ್ದಕ್ಕೆ ಬೆಲೆ ಕೊಡುತ್ತಿತ್ತು. ಕಳ್ಳನಿಗೆ ಅಂಥ ಮರ್ಯಾದೆಯೆಲ್ಲ ಇಲ್ಲ.

ನಾನು ಸರ್ವರ್ ನೋಡಿಕೊಳ್ಳುವ ಕೆಲಸದವನು. ಸರ್ವರ್ ಅಂದರೆ ದೊಡ್ಡ ವಿಷಯ ಏನಲ್ಲ, ಇಪ್ಪತ್ನಾಲ್ಕು ಗಂಟೆಯೂ ಆನ್ ಆಗಿದ್ದು ಬೇರೆಯವರು ಕೇಳಿದ್ದನ್ನು ಕೊಡುವ ಕಂಪ್ಯೂಟರ್. ನಿಮ್ಮ ಬ್ಯಾಂಕ್ ಬ್ಯಾಲೆನ್ಸ್, ಆಸ್ಪತ್ರೆಯ ರಿಪೋರ್ಟು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬರೆಸಿಕೊಳ್ಳುವ ಫೋನ್ ನಂಬರು, ಎಲ್ಲ ಅಂಥದ್ದೇ ಯಾವುದೋ ಒಂದರಲ್ಲಿ ಕೂತಿರುತ್ತೆ. ಇಲ್ಲಿ ನನಗೆ ಹೇಳೋಕಿರೋದು ಒಂದೇ ಮಾತು. ಸರ್ವರ್‌ನ ಭದ್ರತಾ ಅಪ್‌ಡೇಟನ್ನು ಮುಂದೂಡುವುದು ಸಣ್ಣ ಸೋಮಾರಿತನ ಅಂತ ನಾವು ಅಂದುಕೊಂಡಿದ್ದೇವೆ. ನನ್ನ ಪ್ರಕಾರ ಅದೊಂದು ತೀರ್ಮಾನ. ಬೇರೆಯವರ ಸುರಕ್ಷತೆಯನ್ನು, ಅವರನ್ನು ಒಂದು ಮಾತೂ ಕೇಳದೆ, ಒತ್ತೆ ಇಡುವ ತೀರ್ಮಾನ. ಚಿನ್ನ ಒತ್ತೆ ಇಡೋಕೆ ಹೋದರೂ ಸಹಿ ಹಾಕಿಸಿಕೊಳ್ಳುತ್ತಾರೆ. ಇದಕ್ಕೆ ಯಾಕೆ ಯಾರೂ ಸಹಿ ಹಾಕುವುದಿಲ್ಲ?

ನಮ್ಮ ಆಫೀಸುಗಳಲ್ಲಿ ಒಂದು ಮಂತ್ರ ಇದೆ. "ಓಡ್ತಾ ಇದೆ ಅಲ್ವಾ, ಮುಟ್ಬೇಡಿ." ಹೊಸಬರು ಸೇರಿದ ಮೊದಲ ವಾರದಲ್ಲೇ ಸೀನಿಯರ್‌ಗಳು ಇದನ್ನು ಕಿವಿಯಲ್ಲಿ ಊದಿರುತ್ತಾರೆ. ಕೇಳೋಕೆ ಅನುಭವದ ಮಾತಿನ ಹಾಗಿದೆ. ಆದರೆ ಈ ಮಂತ್ರದ ಹಿಂದೆ ಒಂದು ತಪ್ಪು ನಂಬಿಕೆ ಅಡಗಿದೆ: ಮುಟ್ಟದೇ ಇಟ್ಟರೆ ಸರ್ವರ್ ಹೇಗಿತ್ತೋ ಹಾಗೇ ಇರುತ್ತೆ ಅನ್ನೋದು.

ಇರಲ್ಲ ಸ್ವಾಮಿ. ಸಾಫ್ಟ್‌ವೇರ್ ತುಕ್ಕು ಹಿಡಿಯಲ್ಲ ನಿಜ, ಆದರೆ ಅದರ ಸುತ್ತಲಿನ ಲೋಕ ದಿನಾ ಬದಲಾಗುತ್ತೆ. ಪ್ಯಾಚ್ ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಯಾವುದೋ ಸಾಫ್ಟ್‌ವೇರ್‌ನಲ್ಲಿ ಒಂದು ತೂತು ಇದೆ ಅಂತ ಗೊತ್ತಾಗುತ್ತೆ. ಅದನ್ನು ಬರೆದವರು ತೇಪೆ ಹಾಕಿ ಬಿಡುಗಡೆ ಮಾಡುತ್ತಾರೆ. ಆ ಕ್ಷಣದಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ತೇಪೆ ಹಾಕಿಕೊಂಡವರಿಗೆ ತೂತು ಮುಚ್ಚಿತು. ಹಾಕಿಕೊಳ್ಳದವರ ಮನೆಯಲ್ಲಿ ತೂತು ಎಲ್ಲಿದೆ ಅನ್ನೋದು ಊರಿಗೆಲ್ಲ ಗೊತ್ತಾಯಿತು. ಹಳೇ ಕೋಡ್ ಮತ್ತು ಹೊಸ ಕೋಡ್ ಪಕ್ಕ ಪಕ್ಕ ಇಟ್ಟು ನೋಡಿದರೆ ಏನು ಬದಲಾಗಿದೆ ಅಂತ ಕಾಣುತ್ತೆ. ಬದಲಾದ ಜಾಗವೇ ತೂತಿದ್ದ ಜಾಗ. ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಹಾಗಾಗಿ ಪ್ಯಾಚ್ ಬಂದ ದಿನದಿಂದ ನಿಮ್ಮ ಸರ್ವರ್ ನಿನ್ನೆಗಿಂತ ಇವತ್ತು ಹೆಚ್ಚು ಅಪಾಯದಲ್ಲಿರುತ್ತೆ. ನೀವು ಏನೂ ಮಾಡಿಲ್ಲ ಅನ್ನೋದೇ ಅದಕ್ಕೆ ಕಾರಣ.

ಇದಕ್ಕೆ ಉದಾಹರಣೆ ಬೇಕಿದ್ದರೆ 2017ನೇ ಇಸವಿ ತೆಗೆದುಕೊಳ್ಳಿ. ಒಂದೇ ವರ್ಷ, ಒಂದೇ ಪಾಠ, ಎರಡು ದೇಶ.

ಮೊದಲನೆಯದು ಅಮೆರಿಕದ ಎಕ್ವಿಫ್ಯಾಕ್ಸ್. ನಮ್ಮಲ್ಲಿ ಸಿಬಿಲ್ ಸ್ಕೋರ್ ಅಂತೀವಲ್ಲ, ಅಲ್ಲಿನ ಜನರಿಗೆ ಆ ಥರದ ಲೆಕ್ಕ ಇಡುವ ಕಂಪನಿ. ಅವರು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ದೊಡ್ಡ ತೂತು ಸಿಕ್ಕಿತು. ಮಾರ್ಚ್ 7ರಂದು ಪ್ಯಾಚ್ ಬಂತು. ಮಾರ್ಚ್ 9ರಂದು ಕಂಪನಿಯೊಳಗೆ ಇಮೇಲ್ ಹೋಯಿತು, 48 ಗಂಟೆಯೊಳಗೆ ಎಲ್ಲರೂ ಹಾಕಬೇಕು ಅಂತ. ಆಮೇಲೆ ಸ್ಕ್ಯಾನ್ ಕೂಡ ಮಾಡಿದರು. ಅದರಲ್ಲಿ ಆ ಒಂದು ಸಿಸ್ಟಮ್ ಕಣ್ಣಿಗೆ ಬೀಳಲಿಲ್ಲ. ಮೇ ಮಧ್ಯದಲ್ಲಿ ಕಳ್ಳರು ಅದೇ ತೂತಿನಿಂದ ಒಳಗೆ ಬಂದರು, ಜುಲೈ ಕೊನೆಯವರೆಗೂ ಒಳಗೇ ಇದ್ದರು. ಯಾಕೆ ಅಷ್ಟು ದಿನ ಗೊತ್ತಾಗಲಿಲ್ಲ? ಹೋಗಿಬರುವ ಡೇಟಾವನ್ನು ಪರೀಕ್ಷೆ ಮಾಡಬೇಕಿದ್ದ ಉಪಕರಣದ ಸರ್ಟಿಫಿಕೇಟ್ ಅವಧಿ ತಿಂಗಳುಗಳ ಹಿಂದೆಯೇ ಮುಗಿದು ಹೋಗಿತ್ತು. ಅದನ್ನೂ ಯಾರೂ ನವೀಕರಿಸಿರಲಿಲ್ಲ. ಅಂದರೆ ಬೀಗವೂ ಕೆಟ್ಟಿತ್ತು, ಕಾವಲುಗಾರನೂ ಮಲಗಿದ್ದ. ಸುಮಾರು 14.7 ಕೋಟಿ ಜನರ ಹೆಸರು, ಹುಟ್ಟಿದ ದಿನ, ಸೋಶಿಯಲ್ ಸೆಕ್ಯೂರಿಟಿ ನಂಬರ್ ಥರದ ವಿವರಗಳು ಹೋದವು.

ಆ ಜನರಲ್ಲಿ ಬಹುಪಾಲು ಮಂದಿ ಎಕ್ವಿಫ್ಯಾಕ್ಸ್ ಬಾಗಿಲಿಗೆ ತಾವಾಗಿ ಹೋದವರಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಿದ್ದರು, ಕ್ರೆಡಿಟ್ ಕಾರ್ಡ್ ತಗೊಂಡಿದ್ದರು, ಅಷ್ಟೇ. ಅಕ್ಟೋಬರ್‌ನಲ್ಲಿ ಕಂಪನಿಯ ಮಾಜಿ ಸಿಇಒ ರಿಚರ್ಡ್ ಸ್ಮಿತ್ ಅಮೆರಿಕದ ಕಾಂಗ್ರೆಸ್ ಸಮಿತಿಯ ಮುಂದೆ ಕೂತು ಏನು ಹೇಳಿದರು ಗೊತ್ತಾ? ಪ್ಯಾಚ್ ಹಾಕಬೇಕು ಅನ್ನೋ ವಿಷಯವನ್ನು ಮುಂದಕ್ಕೆ ತಿಳಿಸಬೇಕಿದ್ದ ಒಬ್ಬ ಉದ್ಯೋಗಿ ತಿಳಿಸಲಿಲ್ಲ ಅಂತ. ಕೋಟ್ಯಂತರ ಜನರ ಗುಟ್ಟು ಇಟ್ಟುಕೊಂಡ ಕಂಪನಿಯ ಭದ್ರತೆ ಒಬ್ಬ ಮನುಷ್ಯ ಒಂದು ಇಮೇಲ್ ಫಾರ್ವರ್ಡ್ ಮಾಡೋದರ ಮೇಲೆ ನಿಂತಿತ್ತು ಅಂತ ಅವರೇ ಒಪ್ಪಿಕೊಂಡ ಹಾಗಾಯಿತು. ಅದನ್ನು ಸಮರ್ಥನೆ ಅಂತ ಹೇಳಿದರು. ನನಗಂತೂ ಅದು ತಪ್ಪೊಪ್ಪಿಗೆಯ ಹಾಗೇ ಕೇಳಿಸಿತು.

ಎರಡನೆಯದು ವನ್ನಾಕ್ರೈ. ವಿಂಡೋಸ್‌ನ ಒಂದು ತೂತಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ಒಂದು ತಿಂಗಳ ನಂತರ ಆ ತೂತಿನಿಂದ ನುಗ್ಗುವ ಹತಾರ ಇಂಟರ್ನೆಟ್ಟಿನಲ್ಲಿ ಬಹಿರಂಗವಾಯಿತು. ಮೇ 12ರಂದು ದಾಳಿ. ಪ್ಯಾಚ್ ಬಂದು ಎರಡು ತಿಂಗಳು ಆಗುತ್ತಾ ಬಂದಿತ್ತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಕಂಪ್ಯೂಟರ್‌ಗಳು ಲಾಕ್ ಆಗಿ ಹಣ ಕೇಳತೊಡಗಿದವು. ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟುಗಳಲ್ಲಿ ಕನಿಷ್ಠ 81ಕ್ಕೆ ತೊಂದರೆಯಾಯಿತು ಅಂತ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಬರೆಯಿತು. ರದ್ದಾದ ಅಪಾಯಿಂಟ್‌ಮೆಂಟುಗಳು ಅಂದಾಜು 19,000. ಅವುಗಳಲ್ಲಿ ಆಪರೇಷನ್‌ಗಳೂ ಇದ್ದವು. ಎಷ್ಟೋ ವಾರ ಕಾದು ತಾರೀಖು ಸಿಕ್ಕಿದ ಒಬ್ಬ ರೋಗಿಯನ್ನು ನೆನೆಸಿಕೊಳ್ಳಿ. ಆಸ್ಪತ್ರೆಯ ನೆಲಮಾಳಿಗೆಯ ಯಾವುದೋ ಕಂಪ್ಯೂಟರಿನಲ್ಲಿ ಯಾರೋ ‘ಆಮೇಲೆ’ ಅಂತ ಒತ್ತಿದ್ದಕ್ಕೆ ಆತ ಮನೆಗೆ ವಾಪಸ್. ಆ ಗುಂಡಿ ಒತ್ತಿದ ಮನುಷ್ಯನಿಗೆ ಆತನ ಹೆಸರೂ ಗೊತ್ತಿಲ್ಲ.

ಅದು ಅಮೆರಿಕ, ಅದು ಇಂಗ್ಲೆಂಡ್, ನಮಗೇನು ಅನ್ನೋರಿಗೆ ನಮ್ಮದೇ ಲೆಕ್ಕ ಇದೆ. 2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪೇಮೆಂಟ್ ನಿಂತುಹೋಯಿತು. ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ಇವರಿಗೆಲ್ಲ ತಂತ್ರಜ್ಞಾನ ಒದಗಿಸುತ್ತಿದ್ದ ಸಿ-ಎಡ್ಜ್ ಎಂಬ ಕಂಪನಿಗೆ ರ‍್ಯಾನ್ಸಮ್‌ವೇರ್ ಬಡಿದಿತ್ತು. ಸೋಂಕು ಹರಡದಿರಲಿ ಅಂತ ಎನ್‌ಪಿಸಿಐ ಅದನ್ನು ತನ್ನ ಜಾಲದಿಂದ ಬೇರ್ಪಡಿಸಿತು. ದಾಳಿ ಎಲ್ಲಿಂದ ಶುರುವಾಯಿತು ಅಂತ ನಮ್ಮ ಬೆಂಗಳೂರಿನದೇ ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆ ಹುಡುಕಿ ಬರೆಯಿತು. ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯಲ್ಲಿ ಸರಿಯಾಗಿ ಕಾನ್ಫಿಗರ್ ಮಾಡದ ಒಂದು ಜೆಂಕಿನ್ಸ್ ಸರ್ವರ್ ಇತ್ತು, ಜೆಂಕಿನ್ಸ್‌ನ ಗೊತ್ತಿದ್ದ ತೂತು ಬಳಸಿಯೇ ಒಳಗೆ ಬಂದಿರಬೇಕು ಅನ್ನೋದು ಅವರ ವಿಶ್ಲೇಷಣೆ.

ಜೆಂಕಿನ್ಸ್! ಈ ಊರಿನಲ್ಲಿ ಅದರ ಹೆಸರು ಕೇಳದ ಇಂಜಿನಿಯರ್ ಇದ್ದಾನಾ? ಕೋಡ್ ಬಿಲ್ಡ್ ಮಾಡೋಕೆ ಮೂಲೆಯಲ್ಲಿ ಒಂದು ಇರುತ್ತೆ, ಹಾಕಿದವನು ಕಂಪನಿ ಬಿಟ್ಟು ಮೂರು ವರ್ಷ ಆಗಿರುತ್ತೆ, ಪಾಸ್‌ವರ್ಡ್ ಯಾವುದೋ ಎಕ್ಸೆಲ್ ಶೀಟಿನಲ್ಲಿರುತ್ತೆ. ಆ ತೂತಿಗೆ ಪ್ಯಾಚ್ ಬಂದದ್ದು 2024ರ ಜನವರಿ 24ರಂದು. ಬ್ಯಾಂಕುಗಳು ನಿಂತದ್ದು ಆರು ತಿಂಗಳ ನಂತರ. ಆ 300 ಬ್ಯಾಂಕುಗಳ ಗ್ರಾಹಕರು ಯಾರು? ನಮ್ಮ ನಿಮ್ಮ ಹಾಗೆ ಮೂರು ಬ್ಯಾಂಕಿನ ಆ್ಯಪ್ ಇಟ್ಟುಕೊಂಡು, ಇದು ಆಗದಿದ್ದರೆ ಅದು ಅನ್ನೋರಲ್ಲ. ಊರಿನಲ್ಲಿ ಇರೋದೇ ಒಂದು ಬ್ಯಾಂಕು, ಅದರಲ್ಲೇ ಒಂದು ಖಾತೆ. ಕೌಂಟರಿನಲ್ಲಿ ಅವರಿಗೆ ಸಿಗೋ ಉತ್ತರ ಎರಡೇ ಪದ: ‘ಸರ್ವರ್ ಡೌನ್’. ನ್ಯಾಯಬೆಲೆ ಅಂಗಡಿಯಿಂದ ಹಿಡಿದು ನಾಡಕಚೇರಿವರೆಗೆ ಎಲ್ಲರ ಬಾಯಲ್ಲೂ ಇರೋ ಈ ಪದಗಳು ಮಳೆ, ಬಿಸಿಲಿನ ಹಾಗೆ ಕೇಳಿಸುತ್ತವೆ. ಯಾರೂ ಮಾಡಿದ್ದಲ್ಲ, ತಾನಾಗೇ ಆಗಿದ್ದು ಅನ್ನೋ ಹಾಗೆ. ಎಷ್ಟೋ ಸಲ ಅದರ ಹಿಂದೆ ಮನುಷ್ಯರ ಒಂದು ತೀರ್ಮಾನ ಇರುತ್ತೆ.

ಈಗ ನನ್ನ ಸಹೋದ್ಯೋಗಿಗಳ ನೆಪಗಳಿಗೆ ಬರೋಣ. ಇಷ್ಟು ವರ್ಷದಲ್ಲಿ ಇವನ್ನೆಲ್ಲ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ.

"ನಮ್ಮದು ಚಿಕ್ಕ ಕಂಪನಿ, ನಮ್ಮನ್ನ ಯಾರು ನೋಡ್ತಾರೆ?" ಯಾರೂ ನೋಡೋದಿಲ್ಲ, ನಿಜ. ಮೆಷಿನ್ ನೋಡುತ್ತೆ. ಐಪಿ ವರ್ಷನ್ 4 ವಿಳಾಸಗಳು ಜಗತ್ತಿನಲ್ಲಿರೋದು ಸುಮಾರು 430 ಕೋಟಿ. 2013ರಲ್ಲೇ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಅನ್ನೋ ಸಾಧನ ಬರೆದು, ಒಂದೇ ಕಂಪ್ಯೂಟರಿನಿಂದ ಇಡೀ ಆ ವಿಳಾಸಗಳ ಬಾಗಿಲನ್ನು 45 ನಿಮಿಷದೊಳಗೆ ತಟ್ಟಿ ಬರಬಹುದು ಅಂತ ತೋರಿಸಿದರು. ನಿಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗ್ ಮುಗಿಯೋದರೊಳಗೆ ಜಗತ್ತಿನ ಎಲ್ಲ ಬಾಗಿಲು ಬಡಿದಾಗಿರುತ್ತೆ. ಕಳ್ಳ ಈಗ ಶ್ರೀಮಂತರ ಮನೆ ಹುಡುಕಿಕೊಂಡು ಹೋಗೋದಿಲ್ಲ. ಎಲ್ಲ ಬಾಗಿಲು ತಳ್ಳಿ ನೋಡುತ್ತಾನೆ, ತೆರೆದುಕೊಂಡ ಮೇಲೆ ಯಾರ ಮನೆ ಅಂತ ವಿಚಾರಿಸುತ್ತಾನೆ.

"ಕ್ಲೈಂಟ್ ಡೌನ್‌ಟೈಮ್ ಒಪ್ಪಲ್ಲ." ಹತ್ತು ನಿಮಿಷದ ಡೌನ್‌ಟೈಮ್ ಒಪ್ಪದ ಕ್ಲೈಂಟ್ ಹತ್ತು ದಿನದ ಡೌನ್‌ಟೈಮ್ ಒಪ್ಪುತ್ತಾನಾ ಅಂತ ಯಾರಾದರೂ ಕೇಳಿದ್ದೀರಾ? ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಒಂದು ರೀಸ್ಟಾರ್ಟ್‌ಗೆ ಅನುಮತಿ ಕೇಳಿ ಕಳಿಸಿದ ಮೇಲ್, ಕ್ವಾರ್ಟರ್ ಎಂಡ್ ಮುಗೀಲಿ, ದೀಪಾವಳಿ ಸೇಲ್ ಮುಗೀಲಿ, ಆಡಿಟ್ ಮುಗೀಲಿ ಅಂತ ಅಲೆದಾಡಿ, ಮುಂದಿನ ಯುಗಾದಿಗೂ ಉತ್ತರ ಸಿಗದೆ ಹಾಗೇ ಕೂತಿತ್ತು. ಕುತೂಹಲಕ್ಕೆ ಕ್ಲೈಂಟನ್ನೇ ನೇರವಾಗಿ ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಭಾನುವಾರ ಬೆಳಗ್ಗೆ ಮಾಡ್ಕೊಳ್ಳಿ, ಅದಕ್ಕೇನಂತೆ." ಕ್ಲೈಂಟ್ ಒಪ್ಪಲ್ಲ ಅನ್ನೋ ಎಷ್ಟೋ ಮಾತುಗಳು ಕ್ಲೈಂಟ್‌ವರೆಗೆ ಹೋಗಿಯೇ ಇರೋದಿಲ್ಲ.

"ಅಪ್‌ಡೇಟ್ ಹಾಕಿದ್ರೇ ಮುರಿಯುತ್ತೆ. ಕ್ರೌಡ್‌ಸ್ಟ್ರೈಕ್ ಮರೆತ್ರಾ?" ಮರೆತಿಲ್ಲ. ಇದು ಗಟ್ಟಿ ವಾದ, ಹಾಗಾಗಿ ಗಟ್ಟಿಯಾಗೇ ಉತ್ತರ ಕೊಡಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಆದರೆ ಅಲ್ಲಿ ತಪ್ಪಾದದ್ದು ಏನು? ಅಪ್‌ಡೇಟ್ ಕಳಿಸಿದ್ದಲ್ಲ. ಸರಿಯಾಗಿ ಪರೀಕ್ಷಿಸದೆ ಎಲ್ಲರಿಗೂ ಒಟ್ಟಿಗೇ ಕಳಿಸಿದ್ದು. ಮೊದಲು ಹತ್ತಕ್ಕೆ, ಆಮೇಲೆ ನೂರಕ್ಕೆ, ಆಮೇಲೆ ಉಳಿದವಕ್ಕೆ ಅಂತ ಹಂತ ಹಂತವಾಗಿ ಕಳಿಸಿದ್ದರೆ ಹತ್ತರಲ್ಲೇ ಗೊತ್ತಾಗುತ್ತಿತ್ತು. ಆ ಕಂಪನಿಯೂ ಆಮೇಲೆ ಹಂತ ಹಂತವಾಗಿ ಕಳಿಸುತ್ತೇವೆ ಅಂತಲೇ ಹೇಳಿತು. ನಮ್ಮ ಮನೆಯಲ್ಲಿ ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡ್ತಾರಲ್ಲ, ಅಷ್ಟೇ ವಿದ್ಯೆ. ಒಮ್ಮೆ ಅನ್ನ ಸೀದು ಹೋಯಿತು ಅಂತ ಅಡುಗೆ ಮಾಡೋದನ್ನೇ ಬಿಟ್ಟವರು ಯಾರೂ ಇಲ್ಲ.

ಇದರ ಜೊತೆಗೇ ಇನ್ನೊಂದು ಗೊಂದಲ ಇದೆ. ಅಪ್‌ಡೇಟ್ ಅಂದ ತಕ್ಷಣ ಎಲ್ಲರೂ ಲೇಟೆಸ್ಟ್ ವರ್ಷನ್ ಅಂದುಕೊಳ್ಳುತ್ತಾರೆ. ಎರಡೂ ಒಂದೇ ಅಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಪುಟ್ಟ ಸಾಫ್ಟ್‌ವೇರ್‌ನ ಹೊಸ ವರ್ಷನ್ನುಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್, ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಹೆಚ್ಚು ಹಿಡೀತಿದೆಯಲ್ಲ ಯಾಕೆ ಅಂತ ತಲೆ ಕೆಡಿಸಿಕೊಂಡು ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿತು. "ನೋಡಿದ್ರಾ, ಹೊಸದು ಹಾಕಿದೋರು ಕೆಟ್ಟರು" ಅಂತ ನಮ್ಮ ಮಂತ್ರವಾದಿಗಳು ಕುಣಿದರು. ಆದರೆ ಡೆಬಿಯನ್‌ನ ಸ್ಟೇಬಲ್ ಆವೃತ್ತಿ ಬಳಸಿ, ಅದಕ್ಕೆ ಬರುವ ಭದ್ರತಾ ಪ್ಯಾಚುಗಳನ್ನು ತಪ್ಪದೆ ಹಾಕುತ್ತಿದ್ದವರಿಗೆ ಆ ಕಳ್ಳಬಾಗಿಲು ತಟ್ಟಲೇ ಇಲ್ಲ. ಸ್ಟೇಬಲ್ ಆವೃತ್ತಿ ಅಂದರೆ ಅರ್ಥ ಅದೇ: ಫೀಚರ್ ಹಳೆಯದೇ ಇರಲಿ, ತೂತು ಮಾತ್ರ ಮುಚ್ಚುತ್ತಿರಲಿ. ನಾನು ಕೇಳುತ್ತಿರೋದು ಇಷ್ಟನ್ನೇ. ಮನೆ ಕೆಡವಿ ಕಟ್ಟಿ ಅಂತಿಲ್ಲ, ಸೋರುವ ಹೆಂಚು ಬದಲಾಯಿಸಿ ಅಂತಿದ್ದೀನಿ. ಉಬುಂಟು ಸರ್ವರ್‌ನಲ್ಲಿ ಭದ್ರತಾ ಪ್ಯಾಚುಗಳನ್ನು ತಾನಾಗೇ ಹಾಕಿಕೊಳ್ಳುವ ವ್ಯವಸ್ಥೆ ಡೀಫಾಲ್ಟಾಗಿಯೇ ಬರುತ್ತೆ. ನಮ್ಮವರು ಇನ್‌ಸ್ಟಾಲ್ ಆದ ಮೇಲೆ ಮಾಡುವ ಮೊದಲ ಕೆಲಸ ಅದನ್ನು ಆಫ್ ಮಾಡೋದು.

ಇನ್ನು ಪ್ಯಾಚೇ ಬರದ ಹಳೇ ಸಾಮಾನಿನ ಕತೆ ಬೇರೆ. ಸೆಂಟ್‌ಒಎಸ್ 7ರ ಆಯಸ್ಸು 2024ರ ಜೂನ್ 30ಕ್ಕೆ ಮುಗಿಯಿತು. ಪಿಎಚ್‌ಪಿ 7.4ರದ್ದು 2022ರ ನವೆಂಬರ್‌ಗೆ. ಪಿಎಚ್‌ಪಿ 5.6ರದ್ದು 2018ರ ಡಿಸೆಂಬರ್‌ಗೇ ಮುಗಿದಿತ್ತು. ಈ ತಾರೀಖುಗಳನ್ನು ಯಾರೂ ಗುಟ್ಟಾಗಿ ಇಟ್ಟಿರಲಿಲ್ಲ, ವರ್ಷಗಳ ಮುಂಚೆಯೇ ಹೇಳಿದ್ದರು. ಓದುತ್ತಿರೋ ನೀವೇ ಎದೆ ಮುಟ್ಟಿಕೊಂಡು ಹೇಳಿ, ಈ ಮೂರರಲ್ಲಿ ಎಷ್ಟು ನಿಮ್ಮ ಆಫೀಸಿನಲ್ಲಿ ಇವತ್ತಿಗೂ ಉಸಿರಾಡ್ತಿವೆ?

ಹಾಗಾದರೆ ಇಷ್ಟು ಬುದ್ಧಿವಂತರಿರೋ ಊರಿನಲ್ಲಿ ಇಷ್ಟು ಸಣ್ಣ ಕೆಲಸ ಯಾಕೆ ಆಗಲ್ಲ? ನನಗನ್ನಿಸೋದು, ಈ ಕೆಲಸಕ್ಕೆ ನಮ್ಮಲ್ಲಿ ಬೆಲೆ ಇಲ್ಲ. ಅಪ್ರೈಸಲ್‌ನಲ್ಲಿ ಕೇಳೋ ಮೊದಲ ಪ್ರಶ್ನೆ "ಈ ವರ್ಷ ಏನು ಡೆಲಿವರ್ ಮಾಡಿದ್ರಿ?" ಹೊಸ ಫೀಚರ್ ಬರೆದವನ ಹತ್ತಿರ ತೋರಿಸೋಕೆ ಡೆಮೋ ಇದೆ, ಸ್ಲೈಡ್ ಇದೆ. ಸರ್ವರ್ ನೋಡಿಕೊಂಡವನ ಉತ್ತರ ಏನು? "ಏನೂ ಆಗಲಿಲ್ಲ ಸಾರ್." ಆ ‘ಏನೂ ಆಗಲಿಲ್ಲ’ ಅನ್ನೋದೇ ಅವನ ಇಡೀ ವರ್ಷದ ದುಡಿಮೆ. ಅದನ್ನು ಸ್ಲೈಡಿನಲ್ಲಿ ಹಾಕೋದು ಹೇಗೆ? ಇದಕ್ಕಿಂತ ವಿಚಿತ್ರ ಅಂದರೆ, ಸರ್ವರ್ ಬಿದ್ದಾಗ ರಾತ್ರಿಯೆಲ್ಲ ಕೂತು ಎಬ್ಬಿಸಿದವನಿಗೆ ಚಪ್ಪಾಳೆ, ಟೌನ್‌ಹಾಲ್‌ನಲ್ಲಿ ಸರ್ಟಿಫಿಕೇಟ್. ಬೀಳದ ಹಾಗೆ ನೋಡಿಕೊಂಡವಳ ಹೆಸರು ಯಾರಿಗೂ ಗೊತ್ತಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದವನಿಗೆ ಶಾಲು ಹೊದಿಸುವ ಊರಿನಲ್ಲಿ ಮೊದಲೇ ಬಾವಿ ತೋಡುವವರು ಯಾರಿರುತ್ತಾರೆ?

ಈ ನೆಲ ಮೊದಲಿಂದಲೂ ಹೀಗಿರಲಿಲ್ಲ. ಬೆಂಗಳೂರು, ಕೋಲಾರದ ಕಡೆ ಕೆರೆಗಳಿಗೆ ನೀರಗಂಟಿ ಅಂತ ಇರುತ್ತಿದ್ದ. ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಂಡು, ಕೆರೆಯ ಮೇಲೆ ಸದಾ ಒಂದು ಕಣ್ಣಿಟ್ಟಿರೋದು ಅವನ ಕೆಲಸ. ಸುಗ್ಗಿಯಲ್ಲಿ ಊರಿನವರು ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿದ್ದರು. ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ, ಕೆರೆಯ ದುರಸ್ತಿಗೆ ಅಂತಲೇ ಭೂಮಿ ಬಿಟ್ಟುಕೊಟ್ಟ ಶಾಸನಗಳು ಕರ್ನಾಟಕದಲ್ಲಿವೆ. ಕಟ್ಟೋದು ಒಂದು ಸಲ, ಕಾಯೋದು ದಿನಾ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಬಜೆಟ್ ಇಟ್ಟಿದ್ದರು.

ಆಯುಧ ಪೂಜೆಯನ್ನೇ ತೆಗೆದುಕೊಳ್ಳಿ. ಹಳ್ಳಿಯಲ್ಲಿ ಅವತ್ತು ಮೊದಲು ಕುಡುಗೋಲಿನ ತುಕ್ಕು ಉಜ್ಜಿ, ಸಾಣೆ ಹಿಡಿದು, ಎಣ್ಣೆ ಹಚ್ಚಿ, ಆಮೇಲೆ ಕುಂಕುಮ ಇಡುತ್ತಾರೆ. ಮೇಂಟೆನೆನ್ಸ್ ಮೊದಲು, ಮಂಗಳಾರತಿ ಆಮೇಲೆ. ನಮ್ಮ ಟೆಕ್ ಪಾರ್ಕುಗಳಲ್ಲಿ ಮೊದಲ ಭಾಗ ಬಿಟ್ಟುಹೋಗಿದೆ. ಸರ್ವರ್ ರೂಮಿನ ಬಾಗಿಲಿಗೆ ಚೆಂಡುಹೂವಿನ ಹಾರ, ರ‍್ಯಾಕಿಗೆ ಅರಿಶಿನ ಕುಂಕುಮ, ಹೊರಗೆ ಬೂದುಗುಂಬಳಕಾಯಿ. ಒಳಗಿರೋ ಮೆಷಿನ್‌ಗೆ ಕಳೆದ ಆಯುಧ ಪೂಜೆಯಿಂದ ಒಂದು ಪ್ಯಾಚ್ ಇಲ್ಲ. ದೃಷ್ಟಿ ತೆಗೆದಾಯಿತು, ಬೀಗ ಹಾಕೋದು ಮರೆತಾಯಿತು.

ಕಾನೂನು ಬಂದಿದೆಯಲ್ಲ ಅನ್ನಬಹುದು. ಬಂದಿದೆ. ಡೇಟಾ ರಕ್ಷಣೆಯ 2023ರ ಕಾಯ್ದೆಯಲ್ಲಿ, ಸೂಕ್ತ ಭದ್ರತಾ ಕ್ರಮ ತೆಗೆದುಕೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು ಅಂತ ಸರ್ಟ್-ಇನ್ 2022ರಲ್ಲೇ ಆದೇಶ ಹೊರಡಿಸಿದೆ. ಒಳ್ಳೆಯದೇ. ಆದರೆ ಎರಡೂ ಹೆಚ್ಚಾಗಿ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಹೊತ್ತಿಗೆ ಕೆಲಸಕ್ಕೆ ಬರುವಂಥವು. ಕಳ್ಳತನ ವರದಿ ಮಾಡೋಕೆ ಆರು ಗಂಟೆ, ಬೀಗ ಸರಿಮಾಡೋಕೆ ಆರು ತಿಂಗಳು ಅಂದರೆ ಯಾವ ನ್ಯಾಯ? ದಂಡ ಕಟ್ಟೋದು ಕಂಪನಿ. ಹೋದ ಹುಟ್ಟಿದ ದಿನಾಂಕ, ಹೋದ ವಿಳಾಸ, ಹೋದ ಆಧಾರ್ ನಂಬರ್ ಯಾವ ದಂಡದಿಂದಲೂ ವಾಪಸ್ ಬರಲ್ಲ. ಪಾಸ್‌ವರ್ಡ್ ಬದಲಾಯಿಸಬಹುದು, ಹುಟ್ಟಿದ ದಿನ ಬದಲಾಯಿಸೋಕಾಗುತ್ತಾ?

ಹಾಗಾಗಿ ನನ್ನ ಬೇಡಿಕೆಗಳು ನಮ್ಮ ನಮ್ಮ ಆಫೀಸುಗಳ ಮುಂದೆಯೇ ಇವೆ. ದೊಡ್ಡವೇನಲ್ಲ.

ಮೊದಲು ಪಟ್ಟಿ ಮಾಡಿ. ಎಷ್ಟು ಸರ್ವರ್ ಇವೆ, ಯಾವುದರಲ್ಲಿ ಏನು ಓಡುತ್ತಿದೆ, ಯಾವುದರ ಆಯಸ್ಸು ಎಂದು ಮುಗಿಯುತ್ತೆ. ಎಕ್ವಿಫ್ಯಾಕ್ಸ್‌ನವರ ಹತ್ತಿರ ಪ್ಯಾಚ್ ಇತ್ತು, ಆದೇಶ ಇತ್ತು, ಎಲ್ಲಿ ಹಾಕಬೇಕು ಅನ್ನೋ ಸರಿಯಾದ ಪಟ್ಟಿ ಇರಲಿಲ್ಲ. ಆಮೇಲೆ ಒಂದು ದಿನ ಗೊತ್ತು ಮಾಡಿ. ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಪ್ಯಾಚ್ ಬಿಡುತ್ತೆ ಅಂತ ಜಗತ್ತಿಗೇ ಗೊತ್ತು. ಅದನ್ನು ಹಾಕುವ ದಿನ ಮಾತ್ರ ನಮ್ಮ ಕ್ಯಾಲೆಂಡರಿನಲ್ಲಿ ಇರೋದಿಲ್ಲ. ಎಲ್ಲವನ್ನೂ ಒಂದೇ ದಿನ ಹಾಕೋಕೆ ಆಗಲ್ಲ, ನನಗೂ ಗೊತ್ತು. ಯಾವ ತೂತುಗಳನ್ನು ಕಳ್ಳರು ಈಗಾಗಲೇ ಬಳಸುತ್ತಿದ್ದಾರೆ ಅಂತ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರಿಂದ ಒಂದು ಪಟ್ಟಿ ಪ್ರಕಟಿಸುತ್ತಿದೆ. ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಅದರಲ್ಲಿ ಇರುವುದನ್ನು ಮೊದಲು ಮುಚ್ಚಿ, ಉಳಿದದ್ದು ಸರದಿಯಲ್ಲಿ ಬರಲಿ. ಬ್ಯಾಕಪ್ ಇದೆ ಅನ್ನೋದು ಸಾಲದು, ಅದರಿಂದ ವಾಪಸ್ ತರೋಕೆ ಆಗುತ್ತಾ ಅಂತ ಮಾಡಿ ನೋಡಿ. ವಾಪಸ್ ತರಬಹುದು ಅನ್ನೋ ಧೈರ್ಯ ಇದ್ದರೆ ಅಪ್‌ಡೇಟ್ ಹಾಕುವ ಕೈ ನಡುಗೋದಿಲ್ಲ. ಇದಕ್ಕೆಲ್ಲ ಸ್ಪ್ರಿಂಟಿನಲ್ಲಿ ಜಾಗ ಇರಲಿ, ಅಪ್ರೈಸಲ್‌ನಲ್ಲಿ ಅಂಕ ಇರಲಿ. ಉಳಿದ ಸಮಯದಲ್ಲಿ ಮಾಡಿ ಅಂದರೆ ಮಾಡಬೇಡಿ ಅಂತಲೇ ಅರ್ಥ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಮುಂದೂಡುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಲವೊಮ್ಮೆ ನಿಜವಾದ ಕಾರಣ ಇರುತ್ತೆ. ಹಾಗಿದ್ದಾಗ ಒಂದು ಪುಸ್ತಕ ಇಡಿ. ಯಾವ ಪ್ಯಾಚ್, ಯಾಕೆ ಈಗ ಬೇಡ, ಅಲ್ಲಿಯವರೆಗೆ ಅಪಾಯ ತಡೆಯೋಕೆ ಏನು ಮಾಡಿದ್ದೀವಿ, ಯಾರ ಡೇಟಾ ಅದರಲ್ಲಿದೆ, ಇಷ್ಟನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಮೀಟಿಂಗಿನಲ್ಲಿ ತಲೆ ಅಲ್ಲಾಡಿಸಿ ಎದ್ದು ಹೋಗುವ ದೊಡ್ಡವರಿಗೆ ಆ ಸಾಲು ಓದಿ ಹೇಳಿ. "ಸಾರ್, 40,000 ಜನರ ವಿವರ ಇದರಲ್ಲಿದೆ, ತೂತು ಎಲ್ಲರಿಗೂ ಗೊತ್ತಾಗಿದೆ, ನೀವು ಬೇಡ ಅಂತಿದ್ದೀರಿ, ಬರ್ಕೊಳ್ಳಲಾ?" ಇಷ್ಟು ಕೇಳೋಕೆ ಜೂನಿಯರ್‌ಗೂ ಹಕ್ಕಿರಬೇಕು. ಎಷ್ಟೋ ಪ್ಯಾಚುಗಳು ಆ ಪ್ರಶ್ನೆ ಕೇಳಿದ ದಿನವೇ ಹಾಕಿಸಿಕೊಳ್ಳುತ್ತವೆ, ನೋಡ್ತಾ ಇರಿ. ಏನಾದರೂ ಆದಾಗ ಇಮೇಲ್ ಫಾರ್ವರ್ಡ್ ಮಾಡದ ಒಬ್ಬ ಉದ್ಯೋಗಿಯನ್ನು ಹುಡುಕುವ ಕಷ್ಟವೂ ಯಾರಿಗೂ ಇರಲ್ಲ.

‘ನಾಳೆ’ ಅನ್ನಲೇಬೇಕಿದ್ದರೆ ಅನ್ನಿ. ಯಾವ ನಾಳೆ ಅಂತ ತಾರೀಖು ಬರೆಯಿರಿ. ಕೆಳಗೆ ಸಹಿ ಹಾಕಿ.